ಬರುವ ವರ್ಷದ ಫಲಾನುಭವಿಗಳು

ಊರಿನ ಬಡವರ ಹೆಣಗಳನ್ನು ದ್ಯಾಮವ್ವನ ಸಂಘದವರು ತರಕಾರಿ ತಳ್ಳುಗಾಡಿಯಲ್ಲಿ ಸ್ಮಶಾನಕ್ಕೆ ಸಾಗಿಸುತ್ತಿದ್ದರು. ಒಂದು ಶವವಾಹನ ಕೊಳ್ಳಲು ಅನುದಾನ ಬೇಕಿತ್ತು. ದ್ಯಾಮವ್ವ ಅರ್ಜಿ ಹಿಡಿದು ಕಚೇರಿಗೆ ಬಂದಳು; ಅರ್ಜಿಗೆ ಅಂದೇ ಕಡೇ ದಿನ. ಅನುದಾನದ ಅಧಿಕಾರಿ ಪ್ರಹ್ಲಾದರಾಯರು ಅರ್ಜಿ ನೋಡಿ ಮೂಗು ಮುರಿದರು.

“ಬರುವ ವರ್ಷದ ಫಲಾನುಭವಿಗಳ ಹೆಸರು, ವಯಸ್ಸು ಎಲ್ಲಿ?”

“ಯಾರು ಸಾಯ್ತಾರಂತ ಈಗ ಹೆಂಗ ಗೊತ್ತಾಗ್ತೈತ್ರಿ ಸಾಹೇಬ್ರ?”

“ಅದೆಲ್ಲ ನನಗೆ ಬೇಡ. ಹೆಸರಿಲ್ಲದೆ ಅನುದಾನವಿಲ್ಲ.”

ದ್ಯಾಮವ್ವ ಬರಿಗೈಲಿ ಮನೆಗೆ ಹೋಗುವ ಹೆಂಗಸಲ್ಲ. ಕಚೇರಿಯ ಬಾಗಿಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಬಂದವರನ್ನೆಲ್ಲ ಅಕ್ಕರೆಯಿಂದ ಕೇಳಿದಳು: “ಬರೋ ವರ್ಷ ನಮ್ಮ ಹೆಣದ ಗಾಡಿ ಹತ್ತೋರ ಪಟ್ಟಿ ಐತ್ರಿ ಅಣ್ಣಾರ. ನಿಮ್ಮ ಹೆಸರು ಬರಕೊಳ್ಳಲೇನ್ರಿ?”

ಗುತ್ತಿಗೆದಾರನೊಬ್ಬ ಚಪ್ಪಲಿ ಬಿಟ್ಟು ಓಡಿದ. ಚಹಾದವನು ಕೆಟಲಿ ಸಮೇತ ಹಿಂತಿರುಗಿದ. ಗುಮಾಸ್ತರೆಲ್ಲ ಹಿತ್ತಲ ಕಿಟಕಿಯಿಂದ ಇಳಿದು ಹೋದರಂತೆ. ಅವರ್ಯಾರೂ ಕಚೇರಿಗೆ ಬೆಂಕಿ ಬಿದ್ದಾಗಲೂ ಕುರ್ಚಿ ಬಿಟ್ಟು ಎದ್ದವರಲ್ಲ.

ಚಹಾ ಸಿಗದ ರಾಯರು ಹೊರಗೆ ಬಂದರು. “ಏನಮ್ಮಾ ಇದು ಅಪಶಕುನ!”

“ನೀವೇ ಹೇಳಿದ್ರಲ್ರಿ. ಯಾರೂ ಒಪ್ಪವಲ್ರು. ದೊಡ್ಡೋರು ನೀವು ಮೊದಲ ಬರಸಿದ್ರ ಉಳಿದೋರಿಗೂ ಧೈರ್ಯ ಬರ್ತೈತಿ.” ದ್ಯಾಮವ್ವ ಪೆನ್ನಿನ ಮುಚ್ಚಳ ತೆಗೆದಳು. “ಪ್ರಹ್ಲಾದರಾಯರು... ವಯಸ್ಸೆಷ್ಟ್ರಿ?”

ರಾಯರು ಅರ್ಜಿ ಕಸಿದುಕೊಂಡರು. ಹೆಸರಿನ ಜಾಗದಲ್ಲಿ ‘ಸಮಸ್ತ ಸಾರ್ವಜನಿಕರು’ ಎಂದು ತಾವೇ ಬರೆದು, ಮಂಜೂರಾತಿಯ ಸಹಿ ಹಾಕಿದರು.

ದ್ಯಾಮವ್ವ ಕೈಮುಗಿದಳು. “ದೇವರಂಥೋರು ನೀವು. ಗಾಡಿ ಬಂದ ದಿನ ಮೊದಲ ನಿಮ್ಮನ್ನ ಹತ್ತಿಸಿಕೊಂಡು ಊರ ತುಂಬ ಮೆರವಣಿಗಿ ಮಾಡ್ತೀವ್ರಿ.”

ರಾಯರು ಅವತ್ತೇ ವರ್ಗಾವಣೆಗೆ ಬರೆದುಕೊಂಡರು.