ಅಕ್ಕೋರ ದನಿ

ನದಿಯ ದಂಡೆಗೆ ಒಂದು ಆಶ್ರಮ. ಅದರೊಳಗೆ ಸಣ್ಣ ಆಸ್ಪತ್ರೆ, ಪಕ್ಕದಲ್ಲಿ ನರ್ಸಿಂಗ್ ಶಾಲೆ.

ಶಾಲೆಯ ಹಿರಿಯ ಗುರು ಶರಣಮ್ಮ. ಹುಡುಗಿಯರು ಅವರನ್ನು ಅಕ್ಕೋರು ಅನ್ನುತ್ತಿದ್ದರು.

ತರಗತಿಯಲ್ಲಿ ಅಕ್ಕೋರು ಧಾರಾಳವಾಗಿ ಪಾಠ ಹೇಳುವರು. ವಾರ್ಡಿಗೆ ಬಂದರೆ ಮಾತೇ ಕಡಿಮೆ. ಏನು ಕೇಳಿದರೂ, "ನೋಡು" ಅಂದು ಮುಂದೆ ನಡೆದುಬಿಡುವರು.

ಸುಗಲಾ ಎಂಬ ಶಿಷ್ಯೆಗೆ ಇದು ಸಾಕಾಗಿಹೋಗಿತ್ತು. ಅವಳು ಬುದ್ಧಿವಂತೆ, ಪ್ರಶ್ನೆ ಎದ್ದ ಕೂಡಲೇ ಉತ್ತರ ಬೇಕು.

ಒಂದು ವರ್ಷ ಅಕ್ಕೋರ ಪಾಠಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಆಮೇಲೆ ಅವನ್ನು ಒಂದು ಎಐ ಆ್ಯಪಿಗೆ ಉಣಿಸಿದಳು.

ಆ್ಯಪು ಅಕ್ಕೋರ ದನಿಯಲ್ಲೇ ಮಾತಾಡಲು ಕಲಿಯಿತು. ಅದೇ ಗಡಸು, ಅದೇ "ತಂಗಿ". ಅದು ಮಾತ್ರ ಯಾವತ್ತೂ "ನೋಡು" ಅಂದು ಎದ್ದು ಹೋಗುತ್ತಿರಲಿಲ್ಲ.

ಸುಗಲಾ ಅದರೊಂದಿಗೇ ಓದಿದಳು, ಪರೀಕ್ಷೆಯಲ್ಲಿ ಮೊದಲಿಗಳಾದಳು. ಉಳಿದ ಹುಡುಗಿಯರೂ ಅವಳ ಕೋಣೆಗೆ ಬಂದು ಕೂತು ಕೇಳತೊಡಗಿದರು.

ಒಂದು ಬೆಳಿಗ್ಗೆ ಅಕ್ಕೋರು ಹಾಸ್ಟೆಲಿನ ಕಿಟಕಿಯ ಹೊರಗೆ ಹಾದುಹೋಗುತ್ತಿದ್ದರು. ಒಳಗಿನಿಂದ ತಮ್ಮದೇ ನಗು ಕೇಳಿಸಿತು.

ಅವರು ನಿಂತರು. ಬಾಗಿಲಿಗೆ ಬಂದರು. ಸುಗಲಾ ಗಡಬಡಿಸಿ ಎದ್ದು ಎಲ್ಲವನ್ನೂ ಹೇಳಿದಳು.

"ನಾ ಯಾವಾಗ ಹಿಂಗ ನಕ್ಕಿದ್ದೆ?" ಎಂದು ಕೇಳಿದರು ಅಕ್ಕೋರು.

"ನಕ್ಕಿಲ್ರಿ. ಅದು ತಾನಾಗೇ ಕಲಿತೈತ್ರಿ."

ಅಕ್ಕೋರು ಫೋನನ್ನು ಬಹಳ ಹೊತ್ತು ನೋಡಿದರು.

"ತಪ್ಪಾತೇನ್ರಿ, ಅಕ್ಕೋರೆ?"

ಅವರು ವಾರ್ಡಿನ ಕಡೆ ನಡೆದರು.

ಕೆಲವು ದಿನ ಕಳೆದವು. ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ದುರುಗವ್ವ ಎಂಬ ಹೆಣ್ಣುಮಗಳು ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೆತ್ತಳು. ಮಧ್ಯಾಹ್ನ ಅವಳ ಬಳಿ ಸುಗಲಾಳ ಸರದಿ. ದುರುಗವ್ವನ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿದ್ದಳು.

ದುರುಗವ್ವ ಕಣ್ಣು ಬಿಡಲಿಲ್ಲ. ಕರೆದರೆ "ಹೂಂ" ಅನ್ನುವಳು, ಮತ್ತೆ ಜಾರುವಳು. ಬಿಪಿ ಸರಿಯಿತ್ತು. ನಾಡಿ ಒಂದಿಷ್ಟು ಜೋರಾಗಿತ್ತು.

ಸುಗಲಾಳ ಮನಸ್ಸಿಗೆ ಏನೋ ಕಸಿವಿಸಿ. ಅಕ್ಕೋರನ್ನು ಕರೆಯಲೆ ಅನ್ನಿಸಿತು. ಕರೆದರೆ ಮತ್ತೆ "ನೋಡು" ಅಂದಾರು.

ಅವಳು ಫೋನು ತೆಗೆದು ಮೆಲ್ಲಗೆ ಕೇಳಿದಳು: "ಬೆಳಿಗ್ಗೆ ಹೆತ್ತಾಳ್ರಿ. ಬಿಪಿ ಸರಿ ಐತಿ. ಬರೇ ನಿದ್ದಿ ಮಾಡಾಕತ್ತಾಳ."

"ಹೆತ್ತ ದಣಿವು ತಂಗಿ," ಅಂದಿತು ಅಕ್ಕೋರ ದನಿ. "ಮಲಗಲಿ ಬಿಡು."

ಸುಗಲಾಳ ಎದೆ ಹಗುರಾಯಿತು. ಹೊದಿಕೆಯನ್ನು ದುರುಗವ್ವನ ಕೊರಳ ತನಕ ಎಳೆದಳು.

ಅತ್ತೆ ಸುತ್ತ ನೋಡಿದಳು. "ಅಕ್ಕೋರು ಎಲ್ಲಿ ಅದಾರ? ಮಾತು ಕೇಳಿಸ್ತು, ಮನಷ್ಯಾರು ಕಾಣವಲ್ರು."

ಸುಗಲಾ ಬಾಯಿ ತೆರೆಯುವಷ್ಟರಲ್ಲಿ ಅಕ್ಕೋರೇ ಒಳಗೆ ಬಂದರು. ಅತ್ತೆ ಕೂಸನ್ನು ಎದೆಗೆ ಅವುಚಿಕೊಂಡಳು.

"ಹೆಂಗ ಅದಾಳ?" ಎಂದರು ಅಕ್ಕೋರು.

"ಆರಾಮ ಅದಾಳ್ರಿ."

"ಯಾರು ಹೇಳಿದ್ರು?"

ಸುಗಲಾ ಫೋನನ್ನು ಸ್ಟೂಲಿನ ಮೇಲಿಟ್ಟಳು. "ನೀವ ಹೇಳಿದ್ರಿ."

ಅಕ್ಕೋರು ಹೊದಿಕೆ ಸರಿಸಿದರು. ಕೈಗವಸು ಹಾಕಿಕೊಂಡು ದುರುಗವ್ವನ ಸೊಂಟದ ಕೆಳಗೆ ಕೈ ತೂರಿಸಿದರು. ಕೈ ಹೊರಬಂದಾಗ ಮಣಿಕಟ್ಟಿನ ತನಕ ಕೆಂಪಾಗಿತ್ತು.

"ಡಾಕ್ಟರನ್ನ ಕರಿ. ಓಡು."

ಸುಗಲಾ ಓಡಿದಳು. ಅವಳು ಡಾಕ್ಟರೊಡನೆ ಮರಳಿದಾಗ ಅಕ್ಕೋರು ದುರುಗವ್ವನ ಕಿಬ್ಬೊಟ್ಟೆಯ ಮೇಲೆ ಕೈಯೂರಿ, ಸಡಿಲಾದ ಗರ್ಭಕೋಶವನ್ನು ಬಿಗಿಯಾಗಿ ತಿಕ್ಕುತ್ತಿದ್ದರು. ಹಣೆಯಿಂದ ಬೆವರು ಸುರಿಯುತ್ತಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಸಲೈನ್ ಏರಿಸಿದರು.

ಆ ಗದ್ದಲದ ನಡುವೆ ಸ್ಟೂಲಿನ ಮೇಲಿದ್ದ ಫೋನು ತನ್ನನ್ನೇ ಯಾರೋ ಕೇಳಿದರೆಂದು ತಿಳಿಯಿತೋ ಏನೋ. ಅದೇ ದನಿಯಲ್ಲಿ, ಅದೇ ಸಮಾಧಾನದಲ್ಲಿ ಹೇಳಿತು: "ಮಲಗಲಿ ಬಿಡು ತಂಗಿ. ಎಬ್ಬಿಸಬ್ಯಾಡ."

ಡಾಕ್ಟರು ತಲೆಯೆತ್ತಿ ಅಕ್ಕೋರ ಮುಖ ನೋಡಿದರು. ಅಕ್ಕೋರ ತುಟಿ ಅಲುಗಿರಲಿಲ್ಲ.

ಸಂಜೆಯ ಹೊತ್ತಿಗೆ ರಕ್ತ ನಿಂತಿತು. ದುರುಗವ್ವ ಕಣ್ಣು ಬಿಟ್ಟು ಕೂಸನ್ನು ಕೇಳಿದಳು.

ಅಕ್ಕೋರು ನದಿಯ ಮೆಟ್ಟಿಲ ಮೇಲೆ ಹೋಗಿ ಕೂತರು. ಸುಗಲಾ ಹಿಂದೆಯೇ ಬಂದು ಒಂದು ಮೆಟ್ಟಿಲು ಕೆಳಗೆ ಕೂತಳು.

"ಅಕ್ಕೋರೆ, ನಿಮ್ಮ ಪಾಠ ಎಲ್ಲಾ ಅದರಾಗ ಅದಾವ್ರಿ. ಹೆತ್ತ ಮ್ಯಾಲೆ ರಕ್ತ ಹೋಗೂದರ ಪಾಠನೂ ಐತಿ. ಆದ್ರೂ ಯಾಕ ಹೇಳಲಿಲ್ಲ?"

"ನೀ ಏನು ಕೇಳಿದಿ?"

"ನಿದ್ದಿ ಮಾಡಾಕತ್ತಾಳ ಅಂದೆ."

"ಅದು ನಿದ್ದಿ ಬಗ್ಗೆ ಹೇಳ್ತು."

"ನಿಮಗೂ ನಾ ಆರಾಮ ಅದಾಳ ಅಂತನ ಹೇಳಿದ್ನೆಲ್ರಿ?"

"ನಾ ನಿನ್ನ ಮಾತು ಕೇಳಲಿಲ್ಲ."

ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಸುಗಲಾ ಫೋನು ತೆಗೆದಳು.

"ಇದನ್ನ ಅಳಿಸಿ ಹಾಕ್ತೀನ್ರಿ. ನಿಮ್ಮ ದನಿ ಒಂದೂ ಉಳಿಸೂದಿಲ್ಲ."

ಅಕ್ಕೋರು ಅವಳ ಬೆರಳು ಹಿಡಿದರು. ಅವರ ಕೈ ನದಿಯ ನೀರಿನಷ್ಟು ತಣ್ಣಗಿತ್ತು.

"ಇರಲಿ ಇಟ್ಟುಕೋ. ನಾ ಸತ್ತ ದಿನ ಅದನ್ನ ಕೇಳು: ಅಕ್ಕೋರೆ, ಆರಾಮ ಅದೀರೇನ್ರಿ ಅಂತ. ಏನಂತೈತಿ, ನೋಡು."