ಅಧ್ಯಕ್ಷರು ಹೊತ್ತ ಬುಟ್ಟಿ

ನಾತ ಬರುತ್ತದೆಂದು ಪಂಚಾಯಿತಿ ಅಧ್ಯಕ್ಷರು ಮೀನು ಮಾರುವ ಸೇಸಿ ತಮ್ಮ ಬೀದಿಗೆ ಕಾಲಿಡಬಾರದೆಂದು ಆದೇಶ ಹೊರಡಿಸಿದರು. ಮೂರನೇ ದಿನ ಅವರ ಮುದ್ದಿನ ಬೆಕ್ಕು ನಾಪತ್ತೆ!

“ನಿನ್ನದೇ ಕೆಲಸ! ಸಂಜೆಯೊಳಗೆ ಬೆಕ್ಕು ಸಿಗದಿದ್ದರೆ ಊರಲ್ಲೆಲ್ಲೂ ಮೀನು ಮಾರುವ ಹಾಗಿಲ್ಲ!” ಎಂದು ಅಧ್ಯಕ್ಷರು ಬೀದಿಯ ತುದಿಗೆ ಬಂದು ಸೇಸಿಯ ಮೇಲೆ ಹರಿಹಾಯ್ದರು.

“ಮೀನಿನ ಕೂಗು ಕೇಳಿದರೆ ಬರ್ತದೆ. ಆದರೆ ನಾನು ಬೀದಿಗೆ ಬರಬಾರದಲ್ಲ? ಬುಟ್ಟಿ ಹೊತ್ತು ನೀವೇ ಕೂಗಿ ಸ್ವಾಮಿ,” ಎಂದಳು ಸೇಸಿ.

ಆದೇಶ ಹಿಂದೆ ತೆಗೆದುಕೊಂಡರೆ ಮರ್ಯಾದೆ ಹೋಗುತ್ತದೆಂದು ಅಧ್ಯಕ್ಷರು ಬುಟ್ಟಿಯನ್ನೇ ತಲೆಗೇರಿಸಿದರು.

“ಬಂಗುಡೇ... ತಾಜಾ ಬಂಗುಡೇ!”

ಮೂರನೇ ಕೂಗಿಗೆ ಬೆಕ್ಕು ಯಾರದೋ ಮನೆಯ ಮಾಡಿನಿಂದ ಧುಮುಕಿತು. ಹಿಂದೆಯೇ ಬೀದಿಯ ಹೆಂಗಸರೆಲ್ಲ ಪಾತ್ರೆ ಹಿಡಿದು ಬಂದರು.

“ನಾಳೆಯೂ ನೀವೇ ತರ್ತೀರಾ, ಅಧ್ಯಕ್ಷರೇ?”

“ಸೇಸೀ, ಬೇಗ ಬಾರೇ!” ಎಂದು ಅಧ್ಯಕ್ಷರು ಕಿರುಚಿದರು.

ಬೀದಿಯ ತುದಿಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಸೇಸಿ ಕೂತಲ್ಲಿಂದ ಏಳಲಿಲ್ಲ.

“ಬರೆದು ಕೊಡಿ ಸ್ವಾಮಿ, ಬರ್ತೇನೆ.”