ಕಾಫಿ ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ ಯಾಕೆ?

ಬೆಟ್ಟಗಳಿಗೆ ಯಾರೂ ಇನ್ನೂ ಹೆಸರಿಡದ ಕಾಲ. ಮಳೆಗೂ ದಾರಿ ಹೊಸದು. ಎಲ್ಲಿ ಸುರಿಯಲಿ ಅಂತ ಗಾಳಿಯನ್ನು ಕೇಳಿಕೊಂಡು ಬರುತ್ತಿತ್ತು.

ಅಂಥ ಒಂದು ಬೆಟ್ಟದ ಇಳಿಜಾರಿನಲ್ಲಿ ದ್ಯಾವಕ್ಕ ಅನ್ನುವವಳು ಒಂದು ಕಾಫಿ ಗಿಡ ಸಾಕಿದ್ದಳು. ಪಕ್ಕದಲ್ಲೇ ಹಾಲವಾಣದ ಮರ. ಬಿಸಿಲು ಮೊದಲು ಹಾಲವಾಣದ ನೆತ್ತಿಗೆ ಬಿದ್ದು, ಜರಡಿ ಹಿಡಿದ ಹಾಗೆ ಚೂರುಚೂರಾಗಿ ಕಾಫಿಗೆ ಇಳಿಯುತ್ತಿತ್ತು.

ಅದೇ ಕಾಫಿಗೆ ಸಂಕಟ. ಅಯ್ಯಯ್ಯೋ, ಎಂಥ ಹೊಟ್ಟೆಕಿಚ್ಚು ಅಂತೀರಿ! "ಅವಳಿಗೆ ಮೊದಲ ಬಿಸಿಲು, ನನಗೆ ಅವಳು ಉಂಡು ಬಿಟ್ಟದ್ದು. ಕೆಂಪು ಹೂ ಬೇರೆ! ಗಿಳಿ ಗೊರವಂಕ ಎಲ್ಲ ಅವಳ ಮನೆಗೇ ನೆಂಟರು."

"ಸುಮ್ಮನಿರೇ ಮಾರಾಯ್ತಿ," ಅಂದಿತು ಗಾಳಿ. "ಇಬ್ಬನಿಯನ್ನು ತನ್ನ ತಲೆ ಮೇಲೆ ಹೊತ್ತು ನಿನ್ನ ಎಲೆ ಕಾಯೋಳು ಅವಳೇ."

"ಓಹೋ, ನಿನಗೂ ಅವಳೇ ಹೆಚ್ಚು!"

ದ್ಯಾವಕ್ಕ ಕತ್ತಿ ಹಿಡಿದು ಬಂದಾಗ ಕಾಫಿ ಅತ್ತೇಬಿಟ್ಟಳು. "ಇವಳು ನನ್ನ ಬಿಸಿಲೆಲ್ಲ ಕುಡೀತಾಳೆ. ಕಡಿದು ಹಾಕಕ್ಕಾ, ಕುಕ್ಕೆ ತುಂಬ ಹಣ್ಣು ಕೊಡ್ತೀನಿ."

ದ್ಯಾವಕ್ಕ ನಂಬಿದಳು. ಮರ ಉರುಳಿತು. ಕೊಂಬೆಗಳನ್ನು ಬೇಲಿಗೆ ಗೂಟವಾಗಿ ನೆಟ್ಟಳು.

ಆ ವರ್ಷ ರೆಂಬೆ ಮುರಿಯುವಷ್ಟು ಹಣ್ಣು. ಕಾಫಿ ಬೀಗಿದ್ದೇ ಬೀಗಿದ್ದು! ಆದರೆ ಅಷ್ಟೊಂದು ಹಣ್ಣು ಹೊತ್ತು ಮೈ ಸೋತಿತು. ಇಬ್ಬನಿ ನೇರವಾಗಿ ಎಲೆ ಮೇಲೇ ಕೂತಿತು. ಆಗ ಬಂದಳು ತುಕ್ಕಮ್ಮ, ಒದ್ದೆ ಎಲೆ ಹುಡುಕುತ್ತ ಗಾಳಿಯಲ್ಲಿ ಅಲೆಯುವ ಕಿತ್ತಳೆ ಪುಡಿ ಮೈಯ ರೋಗದಮ್ಮ.

"ಸೋತ ಮೈ, ಒದ್ದೆ ಎಲೆ. ನನಗಿನ್ನೇನು ಬೇಕು?" ಅಂತ ಎಲೆಯ ಅಡಿಯಲ್ಲಿ ಬಿಡಾರ ಹೂಡಿದಳು. ಎಲೆಗಳು ಒಂದೊಂದೇ ಉದುರಿದವು.

"ಸಾಯ್ತೀನಿ ಅಕ್ಕಾ!"

"ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಹಾಗಾಯ್ತು," ಅಂತ ಬೈದಳು ದ್ಯಾವಕ್ಕ. ಬೈದರೂ ಮನಸ್ಸು ಕೇಳಲಿಲ್ಲ. ಬೇಲಿಯಲ್ಲಿ ಚಿಗುರಿದ್ದ ಒಂದು ಹಾಲವಾಣದ ಗೂಟ ಕಿತ್ತು ತಂದು ಕಾಫಿಯ ಪಕ್ಕ ನೆಟ್ಟಳು.

ಹಾಲವಾಣ ಮತ್ತೆ ಮರವಾದಳು, ತುಕ್ಕಮ್ಮ ಬಿಡಾರ ಕಿತ್ತಳು. ಈಗ ಕಾಫಿಗೆ ನೆರಳು ಮತ್ತೆ ಹೋದೀತೆಂಬ ಹೆದರಿಕೆ. "ಒಂದು ಕೊಂಬೆಯನ್ನೂ ಮುಟ್ಟಬೇಡ!" ಅಂತ ಹಟ. ನೆರಳು ಕವಿದು ಕತ್ತಲಾಯಿತು. ಗಾಳಿಗೆ ಒಳಗೆ ಬರಲು ದಾರಿಯಿಲ್ಲ. ಮಳೆ ನಿಂತರೂ ಎಲೆ ಒಣಗಲಿಲ್ಲ. ತುಕ್ಕಮ್ಮ ನಗುನಗುತ್ತ ವಾಪಸ್ ಬಂದಳು.

ಆಗ ಹಾಲವಾಣವೇ ಬಾಯಿಬಿಟ್ಟಳು. "ನನ್ನ ಕೊಂಬೆ ಒಂದಷ್ಟು ಕಡಿಯಕ್ಕಾ. ಅವಳಿಗೂ ಬಿಸಿಲು ಗಾಳಿ ಬೇಕು."

ಕಾಫಿಗೆ ನಾಚಿಕೆಯಾಯಿತು. "ನನ್ನ ಮಾತಿನಿಂದ ನೀನು ಒಂದು ಸಲ ಬಿದ್ದೆ. ಈಗ ನನಗೋಸ್ಕರ ಮತ್ತೆ ಕಡಿಸಿಕೊಳ್ತೀಯಾ?"

"ಪ್ರತಿ ವರ್ಷ," ಅಂದಳು ಹಾಲವಾಣ.

ಅದಕ್ಕೇ ಮಗೂ, ಮಳೆಗಾಲಕ್ಕೆ ಮುಂಚೆ ಮರ ಹತ್ತಿದವರು ಇವತ್ತಿಗೂ ಹಾಲವಾಣದ ಕೊಂಬೆ ಸವರಿ, ನೆತ್ತಿಯಲ್ಲಿ ಒಂದಿಷ್ಟು ಉಳಿಸಿಯೇ ಇಳಿಯುತ್ತಾರೆ. ಆದರೂ ಕಾಫಿ ಎಲೆ ಮಗುಚಿ ನೋಡು, ಅಲ್ಲೊಂದು ಇಲ್ಲೊಂದು ಕಡೆ ಕಿತ್ತಳೆ ಪುಡಿ ಬೆರಳಿಗೆ ಅಂಟುತ್ತದೆ; ಕಾಫಿಯ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ.